ಎರಡು ವರ್ಷದ ಓದೂ ಓದೇ



ನನ್ನ ಮಗ ಇದೇ ಶಾಲೆಯಲ್ಲಿ ಕನ್ನಡ ಕಲಿತವನು. ಎ ಲೆವೆಲ್ ಮುಗಿದಾಗ, "ಅಮ್ಮ, ನಾನು ಯೂನಿವರ್ಸಿಟಿಗೆ ಹೋಗಲ್ಲ. ಇಲ್ಲೇ ಹತ್ತಿರದ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಎಚ್‌ಎನ್‌ಡಿ ಮಾಡ್ತೀನಿ, ಎರಡೇ ವರ್ಷ" ಅಂದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲೆ ಹ್ಯಾರೋದ ಸ್ನೇಹಿತರು ಕೇಳಿದಾಗಲೆಲ್ಲ "ಎಂಜಿನಿಯರಿಂಗ್ ಓದ್ತಿದ್ದಾನೆ" ಎಂದು ಹೇಳಿ ಮಾತು ತಿರುಗಿಸುತ್ತಿದ್ದೆ. ಒಂದು ದಿನ ಅದು ಅವನ ಕಿವಿಗೆ ಬಿತ್ತು. "ನಿಂಗೆ ನಾಚಿಕೆನಾ ಅಮ್ಮ?" ಅಂತ ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ.

ಆಗ ನೆನಪಾದವರು ನಮ್ಮಪ್ಪ. ಬೆಂಗಳೂರಿನ ಎಸ್‌.ಜೆ. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿದವರು. ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಎಂದು ಆ ಸಂಸ್ಥೆ ಆರಂಭವಾಗಲು ಶ್ರಮಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅಪ್ಪನ ಕೆಇಬಿ ಸಂಬಳದಲ್ಲೇ ನಾನು ಬಿ.ಇ. ಓದಿದ್ದು. ಡಿಪ್ಲೊಮಾದ ಅನ್ನ ಉಂಡು ಬೆಳೆದವಳು ಮಗನ ಡಿಪ್ಲೊಮಾವನ್ನು ಮುಚ್ಚಿಟ್ಟಿದ್ದೆ!

ಪೋಷಕರೇ, ಇಲ್ಲಿನ ವ್ಯವಸ್ಥೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಎಚ್‌ಎನ್‌ಡಿ ಮತ್ತು ಫೌಂಡೇಶನ್ ಡಿಗ್ರಿ ಎರಡೂ 5ನೇ ಹಂತದ ಅರ್ಹತೆಗಳು. ಪದವಿಯ ಮೊದಲ ಎರಡು ವರ್ಷಕ್ಕೆ ಸಮ. ಮುಂದೆ ಮನಸ್ಸಾದರೆ ಟಾಪ್-ಅಪ್ ಮಾಡಿ ಪೂರ್ಣ ಪದವಿ ಪಡೆಯಬಹುದು. ಬಾಗಿಲು ಮುಚ್ಚುವುದಿಲ್ಲ. 2025-26ರಲ್ಲಿ ಇಂಗ್ಲೆಂಡಿನ ಪದವಿ ಶುಲ್ಕದ ಮಿತಿ ವರ್ಷಕ್ಕೆ 9,535 ಪೌಂಡ್ ಇತ್ತು. ಮೂರು ವರ್ಷಕ್ಕೆ 28 ಸಾವಿರ ದಾಟುತ್ತದೆ. ಊಟ, ಬಾಡಿಗೆ ಬೇರೆ. ಈಗಿನ ನಿಯಮದಂತೆ ಆ ಸಾಲ ತೀರದಿದ್ದರೆ 40 ವರ್ಷ ಬೆನ್ನಿಗಿರುತ್ತದೆ.

ಎರಡು ವರ್ಷ ಓದಿದವರಿಗೆ ಕೈತುಂಬ ಸಂಬಳದ ದಾರಿಗಳಿವೆ. ಎಲೆಕ್ಟ್ರಿಕಲ್, ಕಟ್ಟಡ ನಿರ್ಮಾಣ, ನೆಟ್‌ವರ್ಕ್, ಸೈಬರ್ ಭದ್ರತೆ ಇವೆಲ್ಲ ಆ ಸಾಲಿನವು. ಡೆಂಟಲ್ ಹೈಜೀನಿಸ್ಟ್ ಆಗಲು ಎರಡು ವರ್ಷದ ಡಿಪ್ಲೊಮಾ ಮುಗಿಸಿ, ಜನರಲ್ ಡೆಂಟಲ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡರೆ ಸಾಕು. ಹಾಗೆಂದು ಎಲ್ಲ ಕೋರ್ಸೂ ಒಂದೇ ಅಲ್ಲ. ಸೇರುವ ಮೊದಲು ಮೂರು ಪ್ರಶ್ನೆ ಕೇಳಿ: ಕಳೆದ ವರ್ಷ ಓದಿದವರು ಈಗ ಎಲ್ಲಿ ಕೆಲಸದಲ್ಲಿದ್ದಾರೆ? ಕೋರ್ಸಿನ ಜೊತೆ ಕೆಲಸದ ಅನುಭವ ಸಿಗುತ್ತದೆಯೇ? ಟಾಪ್-ಅಪ್‌ಗೆ ಯಾವ ಯೂನಿವರ್ಸಿಟಿ ಒಪ್ಪುತ್ತದೆ? ಡಾಕ್ಟರ್ ಆಗುವ ಆಸೆಯಿರುವ ಮಗುವಿಗೆ ಈ ದಾರಿ ಅಲ್ಲ. ಆದರೆ ಕೈ ಚುರುಕಿರುವ ಮಗುವನ್ನು ಬಲವಂತವಾಗಿ ಪದವಿಗೆ ತಳ್ಳುವುದೂ ಬೇಡ.

ನನ್ನ ಮಗ ಈಗ ರೈಲ್ವೆಯ ವಿದ್ಯುತ್ ಕೆಲಸದಲ್ಲಿದ್ದಾನೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದು, "ಅಮ್ಮ, ತಿಂಡಿ ಏನು?" ಅಂತ ಕನ್ನಡದಲ್ಲೇ ಕೇಳುತ್ತಾನೆ. ಆ ಕನ್ನಡ ಕೊಟ್ಟ ಶಿಕ್ಷಕರಿಗೆ ನಾನು ಋಣಿ.

ಲ್ಯಾಂಬೆತ್‌ನಲ್ಲಿ ಥೇಮ್ಸ್ ದಡದ ಬಸವಣ್ಣನವರ ಪ್ರತಿಮೆಗೆ ಕೈಮುಗಿದು ಕಾಯಕದ ಮಾತಾಡುವವರು ನಾವು. ಮನೆಯ ಮಗು ಕಾಯಕವನ್ನೇ ಆರಿಸಿಕೊಂಡರೆ ತಲೆ ತಗ್ಗಿಸುವುದು ಬೇಡ. ಈಗ ಯಾರಾದರೂ ಮಗ ಏನು ಓದಿದ್ದಾನೆ ಎಂದರೆ, "ಎಚ್‌ಎನ್‌ಡಿ, ಎರಡು ವರ್ಷ" ಎಂದು ಪೂರ್ತಿಯಾಗಿ ಹೇಳುತ್ತೇನೆ.