ಹೊಲ ಯಾರದು?



ಅಪ್ಪ ತೀರಿಕೊಂಡರು. ಪಿತ್ರಾರ್ಜಿತ ಹೊಲ ಉಳಿಯಿತು. "ಪಹಣಿಯಲ್ಲಿ ನನ್ನ ಹೆಸರಿದೆ, ಹೊಲ ನಂದು" ಅಂತಾನೆ ಅಣ್ಣ. "ನಾನೂ ಅಪ್ಪನ ಮಗಳಲ್ವಾ?" ಅಂತಾಳೆ ತಂಗಿ. ಯಾರ ಮಾತು ಸರಿ?

ಪಹಣಿ ಕಂದಾಯದ ದಾಖಲೆ. ತಪ್ಪೆಂದು ತೋರಿಸುವ ತನಕ ಅದನ್ನು ನಿಜವೆಂದೇ ನಂಬುತ್ತಾರೆ. ಆದರೆ ಹೆಸರು ಬಂದ ಮಾತ್ರಕ್ಕೆ ಹೊಲ ಒಬ್ಬರದೇ ಆಗದು. ಒಡೆತನದ ಜಗಳ ತೀರಿಸೋದು ಸಿವಿಲ್ ಕೋರ್ಟು.

ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. 2005ರ ಕಾನೂನು ಹಾಗೆ ಹೇಳಿದೆ. ಮದುವೆಯಾದರೂ ಪಾಲು ಹೋಗದು. ಅಪ್ಪ ಅದಕ್ಕೆ ಮೊದಲೇ ತೀರಿಕೊಂಡಿದ್ದರೂ ಹಕ್ಕುಂಟು ಅಂತ 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆದ ಪಾಲನ್ನು ಕೆದಕುವಂತಿಲ್ಲ.

ನಾವು ಎಷ್ಟೋ ಜನ ಹಕ್ಕು ಬಿಡುಗಡೆ ಪತ್ರಕ್ಕೆ ಓದದೇ ಹೆಬ್ಬೆಟ್ಟು ಒತ್ತಿದೆವು. ಈಗ ಓದು ಬರುತ್ತೆ. ಓದಿ, ತಿಳಿದು, ಆಮೇಲೆ ರುಜು ಹಾಕೋಣ.