ಮನೆಯ ಧ್ವನಿಯಂತ್ರ: ಅದರ ಗುಣವನ್ನು ಪರೀಕ್ಷಿಸುವ ಬಗೆ



ವಿದ್ವಾಂಸರ ಎದುರಿಗೆ ಕುಳಿತು ಸಂಗೀತವನ್ನು ಕೇಳುವ ಭಾಗ್ಯವು ನಮ್ಮಲ್ಲಿ ಬಹುಮಂದಿಗೆ ವರ್ಷದಲ್ಲಿ ಕೆಲವೇ ದಿನ ದೊರೆಯತಕ್ಕದ್ದು. ಉಳಿದ ದಿನಗಳಲ್ಲಿ ನಮ್ಮ ಕಿವಿಗೆ ಬೀಳುವ ನಾದವೆಲ್ಲ ಯಂತ್ರದ ಮೂಲಕ ಬಂದುದೇ. ಹೀಗಿರುವಾಗ ಮನೆಗೆ ತರುವ ಧ್ವನಿಯಂತ್ರವು ಒಳ್ಳೆಯದೋ ಕೆಟ್ಟದೋ ಎಂಬುದು ಬರಿಯ ವಿನೋದದ ಮಾತಲ್ಲ. ಸಂಗೀತವನ್ನು ಕಲಿಯುವ ಮಗು ದಿನವೂ ತಾನು ಕೇಳುವ ನಾದವನ್ನೇ ಪ್ರಮಾಣವೆಂದು ಗ್ರಹಿಸುತ್ತದೆ. ಕಿವಿ ಮಂದವಾದ ಹಿರಿಯರು ವಾರ್ತೆಯ ಮಾತು ಸ್ಪಷ್ಟವಾಗಿ ತಿಳಿಯದೆ, ಮನೆಯವರನ್ನು ಎಷ್ಟು ಸಲ ಕೇಳುವುದೆಂದು ಸಂಕೋಚಪಟ್ಟು ಸುಮ್ಮನಾಗಿಬಿಡುತ್ತಾರೆ. ಗೃಹಸ್ಥನು ತಿಂಗಳು ತಿಂಗಳೂ ಕೂಡಿಟ್ಟ ಹಣವೂ ಇದರಲ್ಲಿ ತೊಡಗಿರುತ್ತದೆ. ಆದುದರಿಂದ ಈ ಯಂತ್ರಗಳ ಗುಣವನ್ನು ಪರೀಕ್ಷಿಸುವುದು ಹೇಗೆಂಬುದನ್ನು ಈ ಹೊತ್ತು ಕೊಂಚ ವಿಚಾರಮಾಡೋಣ.

ಧ್ವನಿಗೆ ಕಿವಿಯೇ ನ್ಯಾಯಾಧಿಪತಿ ಎಂದು ಎಲ್ಲರೂ ಹೇಳುವರು. ಮಾತೇನೋ ದಿಟ. ಆದರೆ ಕಿವಿಯು ಒಂಟಿಯಾಗಿ ಕೇಳುವುದಿಲ್ಲ. ಪೆಟ್ಟಿಗೆಯ ಅಂದವನ್ನು ನೋಡಿದ ಕಣ್ಣು, ಬೆಲೆಯನ್ನು ತಿಳಿದ ಮನಸ್ಸು, ಅಂಗಡಿಯವರ ಹೊಗಳಿಕೆ, ಇವೆಲ್ಲ ಕಿವಿಯ ಪಕ್ಕದಲ್ಲಿ ಕುಳಿತು ತೀರ್ಪನ್ನು ತಿದ್ದುತ್ತಲೇ ಇರುತ್ತವೆ. ಮೈಸೂರಿನಲ್ಲಿ 1935ರಲ್ಲಿ ಆಕಾಶವಾಣಿಯನ್ನು ಪ್ರಾರಂಭಿಸಿದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದು ಇಲ್ಲಿ ನೆನಪಿಗೆ ಬರುತ್ತದೆ. ಕೇಳುವುದೆಂಬುದು ಯಂತ್ರಶಾಸ್ತ್ರಕ್ಕೆ ಎಷ್ಟು ಸೇರಿದೆಯೋ ಮನಶ್ಶಾಸ್ತ್ರಕ್ಕೂ ಅಷ್ಟೇ ಸೇರಿದೆ.

ಇದಕ್ಕೆ ಎರಡು ದೃಷ್ಟಾಂತಗಳನ್ನು ಕೊಡುತ್ತೇವೆ. 1915ರಿಂದ ಸುಮಾರು ಹತ್ತು ವರ್ಷಗಳ ಕಾಲ ಅಮೆರಿಕಾ ದೇಶದಲ್ಲಿ ಎಡಿಸನ್ನರ ಕಂಪನಿಯವರು ಊರೂರುಗಳಲ್ಲಿ ಒಂದು ಪ್ರದರ್ಶನವನ್ನು ನಡೆಸಿದರು. ಗಾಯಕಿಯು ಫೋನೋಗ್ರಾಫಿನ ಪಕ್ಕದಲ್ಲಿ ನಿಂತು ತನ್ನ ತಟ್ಟೆಯೊಡನೆ ತಾನೂ ಹಾಡುವಳು. ನಡುವೆ ಬಾಯಿ ಮುಚ್ಚುವಳು. ಕೆಲವೊಮ್ಮೆ ದೀಪಗಳನ್ನೂ ಆರಿಸುವರು. ಹಾಡುತ್ತಿರುವುದು ಯಾರೆಂದು ತಿಳಿಯದೆ ಸಭಿಕರು ಬೆರಗಾದರು. ಆ ಕಾಲದ ಯಂತ್ರವು ಇಂದಿನ ಅಗ್ಗದ ಯಂತ್ರಕ್ಕೂ ಸಮವಲ್ಲ. ಹಾಗಾದರೆ ಮರ್ಮವೇನು? ಆ ಗಾಯಕಿಯರಲ್ಲೊಬ್ಬರಾದ ಆನಾ ಕೇಸ್ ಎಂಬವರು, ಯಂತ್ರದ ದನಿಗೆ ತಕ್ಕಂತೆ ತಮ್ಮ ದನಿಯನ್ನೇ ಹೊಂದಿಸಿಕೊಂಡು ಹಾಡುತ್ತಿದ್ದುದಾಗಿ ಮುಂದೆ ಹೇಳಿದರು. ಎರಡನೆಯದು 1994ರ ಮಾತು. ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ ಎಂಬ ಸಂಶೋಧಕರು ನಾಲ್ಕು ಬಗೆಯ ಸ್ಪೀಕರುಗಳನ್ನು 40 ಮಂದಿಗೆ ಕೇಳಿಸಿದರು. ಒಮ್ಮೆ ತೆರೆಯ ಮರೆಯಲ್ಲಿಟ್ಟು, ಒಮ್ಮೆ ಕಣ್ಣಿಗೆ ಕಾಣುವಂತೆ ಇಟ್ಟು. ತೆರೆ ಸರಿದೊಡನೆ ದೊಡ್ಡ ಪೆಟ್ಟಿಗೆಗಳಿಗೆ ಅಂಕಗಳು ಏರಿದವು. ಚಿಕ್ಕದೂ ಅಗ್ಗವೂ ಆದುದರ ಅಂಕ ಇಳಿಯಿತು. ನಾದದಲ್ಲಿ ಎಳ್ಳಷ್ಟೂ ಬದಲಾವಣೆಯಾಗಿರಲಿಲ್ಲ.

ಆದುದರಿಂದ ಮೊದಲನೆಯ ನಿಯಮ, ಕಣ್ಣನ್ನು ಹೊರಗಿಡತಕ್ಕದ್ದು. ಎರಡು ಯಂತ್ರಗಳನ್ನು ಹೋಲಿಸುವಾಗ ಬೇರೊಬ್ಬರು ಬದಲಿಸಲಿ. ನೀವು ಕಣ್ಣುಮುಚ್ಚಿಯೋ ತೆರೆಯ ಈಚೆಯೋ ಕುಳಿತು ಕೇಳಿರಿ. ಯಾವುದು ಮೇಲೆಂದು ಕಾಗದದಲ್ಲಿ ಬರೆದಿಟ್ಟ ಬಳಿಕವೇ ಹೆಸರನ್ನೂ ಬೆಲೆಯನ್ನೂ ತಿಳಿಯಿರಿ. ಒಂದೇ ಹಾಡಿನ ಒಂದೇ ಭಾಗವನ್ನು ಎರಡರಲ್ಲಿಯೂ ಕೂಡಲೇ ಕೇಳಬೇಕು. ಏಕೆಂದರೆ ನಾದದ ಸೂಕ್ಷ್ಮವನ್ನು ನಮ್ಮ ನೆನಪು ಬಹಳ ಹೊತ್ತು ಹಿಡಿದಿಡಲಾರದು. ಹೀಗೆ ನಾಲ್ಕಾರು ಸಲ ಮಾಡಿದಾಗಲೂ ತೀರ್ಪು ಒಂದೇ ಆಗಿ ಬಂದರೆ ಅದನ್ನು ನಂಬಬಹುದು.

ಎರಡನೆಯ ನಿಯಮ, ಎರಡರ ಗಟ್ಟಿತನವನ್ನೂ ಸಮಮಾಡತಕ್ಕದ್ದು. ಫ್ಲೆಚರ್ ಮತ್ತು ಮನ್ಸನ್ ಎಂಬವರು 1933ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಒಂದು ಸಂಗತಿ ಸ್ಪಷ್ಟವಾಯಿತು. ಧ್ವನಿಯು ಮೆಲ್ಲಗಿರುವಾಗ ಮಂದ್ರದ ಸ್ವರಗಳು ಕಿವಿಗೆ ಬಹಳ ಕ್ಷೀಣವಾಗಿ ಕೇಳುತ್ತವೆ. ಗಟ್ಟಿಯಾದಂತೆಲ್ಲ ಅವು ತುಂಬಿಕೊಂಡು ಬರುತ್ತವೆ. ಹೀಗಾಗಿ ಅದೇ ಯಂತ್ರವನ್ನು ತುಸು ಗಟ್ಟಿಮಾಡಿದರೆ ಅದು ಮೊದಲಿಗಿಂತ ಉತ್ತಮವೆಂದು ತೋರುವುದು. ವ್ಯತ್ಯಾಸವು ಒಂದೇ ಡೆಸಿಬೆಲ್ ಆದರೆ ಕಿವಿಯು ಅದನ್ನು ಗಟ್ಟಿಯೆಂದು ಎಣಿಸದೆ ಗುಣವೆಂದೇ ಎಣಿಸುವುದುಂಟು. ಧ್ವನಿಯ ಮಟ್ಟವನ್ನು ಅಳೆಯುವ ಸಾಧನವು ಈಗ ಕೈಯಲ್ಲಿರುವ ದೂರವಾಣಿಯಲ್ಲಿಯೇ ಸಿಕ್ಕುವುದರಿಂದ, ಎರಡನ್ನೂ ಹೆಚ್ಚುಕಡಮೆ ಸರಿದೂಗಿಸುವುದು ಕಷ್ಟವಲ್ಲ.

ಇನ್ನು ಏನನ್ನು ಕೇಳಿ ಪರೀಕ್ಷಿಸಬೇಕು? ಎಲ್ಲಕ್ಕಿಂತ ಮೊದಲು ಮನುಷ್ಯನ ಮಾತನ್ನು. ಮಾತಿನ ದನಿಯಷ್ಟು ನಮಗೆ ಪರಿಚಿತವಾದ ನಾದ ಬೇರೊಂದಿಲ್ಲ. ವಾರ್ತೆಯನ್ನು ಓದುವವರು ಕೊಡದೊಳಗಿನಿಂದ ಮಾತಾಡಿದಂತೆ ಕೇಳಿದರೆ ಪೆಟ್ಟಿಗೆಯು ತನ್ನ ದನಿಯನ್ನು ಸೇರಿಸುತ್ತಿದೆಯೆಂದು ತಿಳಿಯಬೇಕು. 'ಸ'ಕಾರವು ಸೀಟಿಯಂತೆ ಕಿವಿಯನ್ನು ಚುಚ್ಚಿದರೆ ತಾರಭಾಗ ಅತಿಯಾಯಿತು. 'ಸರ'ಕ್ಕೂ 'ಶರ'ಕ್ಕೂ ಭೇದ ತಿಳಿಯದಿದ್ದರೆ ಅದು ಕುಂದಿತು. 'ಕಟ್ಟೆ', 'ತಟ್ಟೆ', 'ಪಟ್ಟೆ' ಎಂಬ ಮಾತುಗಳು ಒಂದೊಂದಾಗಿ ಬಿಡಿಸಿ ಕೇಳಬೇಕು. ವಯಸ್ಸಾದಂತೆ ಮನುಷ್ಯನ ಕಿವಿಗೆ ಮೊದಲು ಮಂದವಾಗುವುದು ಈ ತಾರಭಾಗವೇ. ಗುಂಯ್‌ಗುಡುವ ಪೆಟ್ಟಿಗೆಯಲ್ಲಿ ಸ್ವರಾಕ್ಷರಗಳು ಮೊಳಗಿ ವ್ಯಂಜನಗಳು ಮುಳುಗುತ್ತವೆ, ಗಟ್ಟಿಮಾಡಿದರೂ ಪ್ರಯೋಜನವಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಕೂಡಿಸಿಕೊಂಡೇ ಪರೀಕ್ಷೆ ನಡೆಯಲಿ, ಅವರ ಮಾತಿಗೆ ಮೊದಲ ಬೆಲೆ ಇರಲಿ.

ಬಳಿಕ ತಂಬೂರಿ. ಕುದುರೆಯ ಮೇಲೆ ತಂತಿಯ ಅಡಿಯಲ್ಲಿ ಸೇರಿಸುವ ನೂಲಿನ ಎಳೆಯಿಂದ ಅದರ ನಾದಕ್ಕೆ ಅನೇಕ ಅನುಸ್ವರಗಳು ಕೂಡಿ ಬರುತ್ತವೆ. ಯಾರೂ ಮೀಟದ ಅಂತರಗಾಂಧಾರವು ಮಂದ್ರ ಷಡ್ಜದಿಂದ ತಾನಾಗಿ ಹೊಮ್ಮುವುದು. ಒಳ್ಳೆಯ ಯಂತ್ರದಲ್ಲಿ ಈ ಅನುಸ್ವರಗಳು ಅರಳಿ ಆರುವುದನ್ನು ಹಿಂಬಾಲಿಸಬಹುದು. ಕೆಟ್ಟ ಯಂತ್ರದಲ್ಲಿ ತಂಬೂರಿಯು ಬರಿಯ ದುಂಬಿಯ ಮೊರೆತವಾಗುವುದು. ಶ್ರುತಿಜ್ಞಾನವನ್ನು ಪಡೆಯಬೇಕಾದ ಮಗುವಿಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ.

ಮೂರನೆಯದು ಮೃದಂಗ. ಬಲಮುಖದ ಕಪ್ಪು ಕರಣೆಯಿಂದಾಗಿ ಅದರ ಅನುಸ್ವರಗಳು ತಂತಿವಾದ್ಯದವುಗಳಂತೆ ಕ್ರಮಬದ್ಧವಾಗಿರುತ್ತವೆಯೆಂಬುದನ್ನು ಸಿ. ವಿ. ರಾಮನ್ನರು 1920ರಲ್ಲಿ ತಮ್ಮ ಸಹಚರರೊಡನೆ ಲೋಕಕ್ಕೆ ತಿಳಿಸಿದರು. ಆ ಮುಖಕ್ಕೆ ಸ್ಪಷ್ಟವಾದ ಸ್ಥಾಯಿ ಇದೆ. ಎಡಮುಖಕ್ಕೆ ರವೆಯ ಕಣಕದಿಂದ ಬಂದ ಗಾಂಭೀರ್ಯವಿದೆ. ಯಾವ ಯಂತ್ರದಲ್ಲಿ ಎಡಮುಖದ ಪೆಟ್ಟುಗಳೆಲ್ಲ ಒಂದೇ 'ಧುಂ' ಆಗಿ ಕೇಳುವುವೋ ಅದರ ಮಂದ್ರವು ಸುಳ್ಳು ಮಂದ್ರ. ಕೊನೆಯದಾಗಿ ಮೌನವನ್ನೂ ಕೇಳಿರಿ. ಹಾಡು ನಿಂತಾಗ ಮನೆಯ ವಿದ್ಯುತ್ತಿನ ಗುಂಗು ಕೇಳಬಾರದು.

ಕೋಣೆಯ ಪಾತ್ರವನ್ನು ಅನೇಕರು ಮರೆಯುತ್ತಾರೆ. ಸೆಕೆಂಡಿಗೆ 50 ಕಂಪನಗಳ ಮಂದ್ರಸ್ವರದ ಅಲೆಯು ಸುಮಾರು 7 ಮೀಟರು ಉದ್ದದ್ದು. ಹನ್ನೊಂದು ಅಡಿಯ ಕೋಣೆಯಲ್ಲಿ ಅದರ ಅರ್ಧವು ಗೋಡೆಯಿಂದ ಗೋಡೆಗೆ ಸರಿಯಾಗಿ ಹಿಡಿಸುವುದರಿಂದ, ಆ ಸ್ವರವು ಗೋಡೆಯ ಬಳಿ ಅಬ್ಬರಿಸಿ ನಡುವೆ ಬಡವಾಗುವುದು. ಪೆಟ್ಟಿಗೆಯನ್ನು ಮೂಲೆಯಿಂದ ಎರಡಡಿ ಈಚೆಗೆ ಸರಿಸುವುದು, ಬರಿಯ ನೆಲಕ್ಕೆ ಜಮಖಾನ ಹಾಸುವುದು, ಕಿಟಕಿಗೆ ದಪ್ಪ ಪರದೆ ಹಾಕುವುದು, ಇವು ಬಹಳ ಹಣವಿಲ್ಲದೆ ಆಗುವ ಸುಧಾರಣೆಗಳು. ಅಂಗಡಿಯಲ್ಲಿ ಚೆನ್ನಾಗಿ ಕೇಳಿದುದು ಮನೆಯಲ್ಲಿ ಬೇರೆಯಾಗಿ ಕೇಳುವುದಕ್ಕೆ ಇದೇ ಕಾರಣ. ಸಾಧ್ಯವಾದರೆ ಹಿಂದಿರುಗಿಸುವ ಕರಾರಿನ ಮೇಲೆ ತಂದು ಮನೆಯಲ್ಲಿಯೇ ಕೇಳುವುದು ಲೇಸು.

ಕಾಗದದ ಮೇಲಿನ ಅಂಕಿಗಳ ವಿಷಯದಲ್ಲಿ ಒಂದೆರಡು ಮಾತು. ವ್ಯಾಟ್‌ಗಳು ಇಮ್ಮಡಿಯಾದರೆ ಧ್ವನಿಯು ಇಮ್ಮಡಿಯಾಗದು. ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಇಮ್ಮಡಿ ಗಟ್ಟಿಯಾಗಿ ತೋರಬೇಕಾದರೆ ಸುಮಾರು ಹತ್ತರಷ್ಟು ಶಕ್ತಿ ಬೇಕು. '20ರಿಂದ 20,000 ಕಂಪನಗಳವರೆಗೆ' ಎಂದು ಬರೆದಿದ್ದರೆ, ಎಷ್ಟು ಡೆಸಿಬೆಲ್ಲುಗಳ ಏರಿಳಿತದೊಳಗೆ ಎಂದು ಕೇಳಿರಿ. ಆ ಮಾತಿಲ್ಲದ ಅಂಕಿಗೆ ಅರ್ಥವಿಲ್ಲ. ಹಣವನ್ನು ಮೊದಲು ಸ್ಪೀಕರಿಗೆ, ಬಳಿಕ ಕೋಣೆಗೆ ಇಡಿರಿ. ಸ್ಪೀಕರಿನ ತಂತಿಯು ತಕ್ಕಷ್ಟು ದಪ್ಪವಾದ ಸಾಮಾನ್ಯ ತಾಮ್ರದ್ದಾದರೆ ಮನೆಯಳತೆಗೆ ಸಾಕು.

ಪರೀಕ್ಷೆಯ ಕಡೆಯ ಹಂತ ಕಾಲ. ಮೊದಲ ಐದು ನಿಮಿಷ ಥಳಥಳಿಸಿದ ನಾದವು ಒಂದು ಗಂಟೆಯಾದ ಮೇಲೆ ತಲೆನೋವಾಗುವುದುಂಟು. ಮಿತವಾದ ಗಟ್ಟಿತನದಲ್ಲಿ ದೀರ್ಘಕಾಲ ಕೇಳಿ, ಇನ್ನೂ ಕೇಳೋಣವೆನಿಸಿದರೆ ಆ ಯಂತ್ರ ಗೆದ್ದಿತು. 80 ಡೆಸಿಬೆಲ್ಲಿನ ಮಟ್ಟದಲ್ಲಿ ವಾರಕ್ಕೆ 40 ಗಂಟೆಯೇ ದೊಡ್ಡವರ ಕಿವಿಗೆ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆಯವರು 2019ರಲ್ಲಿ ಸೂಚಿಸಿದ್ದಾರೆ. ಯಂತ್ರ ಕೆಟ್ಟರೆ ಬೇರೊಂದನ್ನು ತರಬಹುದು. ಕೆಟ್ಟ ಕಿವಿಗೆ ಬದಲಿಲ್ಲ.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡೆಂದು ನಮ್ಮ ಹಿರಿಯರು ಹೇಳಿದರು. ಕಿವಿಯಾರೆ ಕೇಳಿದರೂ ಪರಾಂಬರಿಸಿ ಕೇಳಬೇಕೆಂಬುದು ನಮ್ಮ ಬಿನ್ನಹ. ಹಿತ್ತಾಳೆಯ ಕಿವಿಯವರಿಗೆ ಯಾವ ಯಂತ್ರವಾದರೂ ಒಂದೇ. ತಾಳ್ಮೆಯಿಂದ ಕೇಳಬಲ್ಲವರು ಅಲ್ಪಬೆಲೆಯಲ್ಲಿಯೂ ಸುನಾದವನ್ನು ಆರಿಸಿಕೊಳ್ಳಬಲ್ಲರು.