ಹಣ ಜನರದ್ದಾದರೆ ಪಾಲೂ ಜನರದ್ದಾಗಲಿ

(ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಗುಜರಾತಿನಲ್ಲಿ ಏಳುತ್ತಿರುವ ಚಿಪ್ ಕಾರ್ಖಾನೆಗಳಿಗೂ ಘಟ್ಟದ ಮೇಲಿನ ನಮಗೂ ಏನು ಸಂಬಂಧವೆಂದು ನೀವು ಕೇಳಬಹುದು. ಅಡಿಕೆ ತೂಗುವ ವಿದ್ಯುತ್ ತಕ್ಕಡಿಯೊಳಗೆ ಚಿಪ್ ಇದೆ. ಅಂಗಡಿಗೆ ಹಣ ಬಂದುದನ್ನು ಕೂಗಿ ಹೇಳುವ ಪೆಟ್ಟಿಗೆಯೊಳಗಿದೆ. ಗಿರಣಿಯ ಯಂತ್ರಗಳನ್ನು ನಡೆಸುವ ಫಲಕದೊಳಗೂ ಇದೆ. ಅದಕ್ಕಿಂತ ಮಿಗಿಲಾಗಿ, ಆ ಕಾರ್ಖಾನೆಗಳಿಗೆ ಹೋಗುವ ಹಣದಲ್ಲಿ ನೀವು ಬೆಂಕಿಪೆಟ್ಟಿಗೆ ಕೊಳ್ಳುವಾಗ ತೆತ್ತ ತೆರಿಗೆಯೂ ಇದೆ.

ಹೊರಗಿನಿಂದ ಅಗ್ಗವಾಗಿ ಸಿಗುವ ಸರಕನ್ನು ಇಲ್ಲೇಕೆ ಮಾಡಬೇಕೆಂದು ಕೆಲವರ ವಾದ. ಸಿಗುವ ತನಕ ಅಗ್ಗ, ನಿಜ. 2021ರಲ್ಲಿ ಚಿಪ್ ಬಾರದೆ ನಮ್ಮ ದೇಶದ ಕಾರು ಕಾರ್ಖಾನೆಗಳು ಉತ್ಪಾದನೆ ಇಳಿಸಬೇಕಾಯಿತು. 2022ರ ಅಕ್ಟೋಬರಿನಲ್ಲಿ ಅಮೆರಿಕವು ಉನ್ನತ ದರ್ಜೆಯ ಚಿಪ್‌ಗಳನ್ನೂ ಅವನ್ನು ಮಾಡುವ ಯಂತ್ರಗಳನ್ನೂ ಚೀನಕ್ಕೆ ಮಾರದಂತೆ ನಿರ್ಬಂಧ ಹಾಕಿತು. ಆ ಬಾಗಿಲು ನಾಳೆ ನಮಗೂ ಮುಚ್ಚದೆಂದು ಯಾರು ಬರೆದುಕೊಟ್ಟಿದ್ದಾರೆ? ಆದುದರಿಂದ ಕಾರ್ಖಾನೆ ಬೇಕು. ಆದರೆ ಯಾರ ಹಣದಿಂದ, ಯಾರ ಲಾಭಕ್ಕಾಗಿ?

ಲೆಕ್ಕ ನೋಡಿ. ಸಾಣಂದದ ಮೈಕ್ರಾನ್ ಯೋಜನೆಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ವೆಚ್ಚ 22,516 ಕೋಟಿ ರೂಪಾಯಿ. ಅದರಲ್ಲಿ ರೂಪಾಯಿಗೆ 50 ಪೈಸೆ ಕೇಂದ್ರ ಸರಕಾರದ್ದು, 20 ಪೈಸೆ ಗುಜರಾತ್ ಸರಕಾರದ್ದು, ಉಳಿದ 30 ಪೈಸೆ ಕಂಪನಿಯದು. ಕಂಪನಿ ಹೇಳಿದ ನೇರ ಉದ್ಯೋಗ ಹೆಚ್ಚೆಂದರೆ 5,000. ಅಂದರೆ ಒಂದು ಉದ್ಯೋಗಕ್ಕೆ ಜನರ ಹಣ ಮೂರು ಕೋಟಿಗೂ ಮೇಲೆ! ಅಲ್ಲಿನ ಕೆಲಸವೂ ಚಿಪ್‌ಗಳ ಜೋಡಣೆ ಮತ್ತು ಪರೀಕ್ಷೆ ಮಾತ್ರ. ಚಿಪ್ಪನ್ನೇ ತಯಾರಿಸುವ ಟಾಟಾ ಕಾರ್ಖಾನೆಗೆ ಧೋಲೇರಾದಲ್ಲಿ 2024ರಲ್ಲಿ ಒಪ್ಪಿಗೆಯಾಯಿತು. ಅದರ ವೆಚ್ಚ 91,000 ಕೋಟಿ. ಅರ್ಧ ಹೊರೆ ಕೇಂದ್ರದ ಮೇಲೆ. ಉದ್ಯೋಗಕ್ಕಾಗಿ ಇಷ್ಟು ಹಣವೆಂದರೆ ಯಾವ ಅಂಗಡಿಕಾರನೂ ಒಪ್ಪಲಾರ. ದೇಶದ ಸ್ವಾವಲಂಬನೆಗಾಗಿ ಎಂದರೆ ಒಪ್ಪಬಹುದು.

ಹಾಗಾದರೆ ಸರಕಾರಿ ಕಾರ್ಖಾನೆಯೆಂಬ ಹೆಸರೊಂದೇ ಸಾಕೇ? ಸಾಲದು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಲ್ಲಿಯೇ ಟ್ರಾನ್ಸಿಸ್ಟರ್ ತಯಾರಿಸಿತು. ಮೊಹಾಲಿಯ ಸರಕಾರಿ ಚಿಪ್ ಕಾರ್ಖಾನೆ 1984ರಲ್ಲಿ ಉತ್ಪಾದನೆ ಆರಂಭಿಸಿತು, 1989ರಲ್ಲಿ ಬೆಂಕಿಗೆ ತುತ್ತಾಯಿತು. ಮತ್ತೆ ಎದ್ದು ನಿಲ್ಲಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ ಜಗತ್ತು ಬಹಳ ಮುಂದೆ ಸಾಗಿತ್ತು. ಈ ಉದ್ಯಮ ಅಡಿಕೆ ತೋಟವಿದ್ದಂತೆ. ಸಸಿ ನೆಟ್ಟ ಕೂಡಲೇ ಕೊನೆ ಬಿಡುವುದಿಲ್ಲ. ಒಂದು ಮಳೆಗಾಲ ಮದ್ದು ಹೊಡೆಯದಿದ್ದರೆ ಕೊಳೆ ತಪ್ಪುವುದಿಲ್ಲ.

ತೈವಾನ್ ಏನು ಮಾಡಿತು? 1987ರಲ್ಲಿ ಟಿಎಸ್‌ಎಂಸಿ ಸ್ಥಾಪನೆಯಾದಾಗ ಅದರ ಬಂಡವಾಳದ ಸುಮಾರು ಅರ್ಧ ಸರಕಾರದ ನಿಧಿಯಿಂದ ಬಂತು. ಆ ಹಣವನ್ನು ದಾನವಾಗಿ ಕೊಡಲಿಲ್ಲ, ಪಾಲಾಗಿ ಹಾಕಿದರು. ಕಂಪನಿ ಬೆಳೆದಂತೆ ಜನರ ಪಾಲಿನ ಬೆಲೆಯೂ ಬೆಳೆಯಿತು. ನಮಗಿದು ಹೊಸ ಪಾಠವಲ್ಲ. 1923ರಲ್ಲಿ ಶಿರಸಿಯ ತೋಟಗಾರರು ತಮ್ಮ ಮಾರಾಟ ಸಂಘವನ್ನು ಕಟ್ಟಿದ್ದು ಪಾಲು ಹಾಕಿಯೇ. ಪಾಲುದಾರನಿಗೆ ಲೆಕ್ಕ ಕೇಳುವ ಹಕ್ಕಿದೆ. ದಾನ ಕೊಟ್ಟವನು ಹೊರಬಾಗಿಲಲ್ಲಿ ನಿಲ್ಲಬೇಕು.

ನಾವು ಕೇಳುವುದು ಇಷ್ಟೇ: ಕೊಟ್ಟ ಹಣಕ್ಕೆ ತಕ್ಕ ಪಾಲು ಸರಕಾರದ ಹೆಸರಿನಲ್ಲಿ ಬರಲಿ. ನಮ್ಮ ಹುಡುಗ ಹುಡುಗಿಯರಿಗೆ ಆ ವಿದ್ಯೆ ಕಲಿಸುವ ಮಾತು ಕರಾರಿನಲ್ಲಿರಲಿ. ವರ್ಷಕ್ಕೊಮ್ಮೆ ಸಂಸತ್ತಿನ ಮುಂದೆ ಲೆಕ್ಕ ಬರಲಿ. ಸೋತರೆ ಹೊರೆ ಜನರದ್ದು, ಗೆದ್ದರೆ ಗಳಿಕೆ ಕಂಪನಿಯದು ಎಂಬ ವ್ಯಾಪಾರವನ್ನು ಶಿರಸಿ ಪೇಟೆಯಲ್ಲಿ ಯಾರೂ ಮಾಡುವುದಿಲ್ಲ. ದಿಲ್ಲಿಯಲ್ಲಿಯೂ ಮಾಡಗೊಡಬಾರದು.